ಮೊದಲ ಬಾರಿಗೆ ಯಂತ್ರದಿಂದ ಕಾರಿನ ಬಣ್ಣ ಪಾಲಿಶ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಕಾರಿನ ಹೊಳಪನ್ನು ಮನೆಯ ಪೋರ್ಟಿಕೋದಲ್ಲೇ ಮರಳಿ ತರಬೇಕೆಂದು ಪಾಲಿಶಿಂಗ್ ಯಂತ್ರ ಕೊಂಡವರು, ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ವರ್ಕ್‌ಶಾಪ್ ನಡೆಸುವವರಿಗಾಗಿ ಇದನ್ನು ಬರೆದಿಲ್ಲ. ಒಂದೇ ಕಾರಿರುವ, ಅದರ ಬಣ್ಣ ಹಾಳಾದರೆ ನಷ್ಟ ತಾವೇ ಹೊರಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಪಾಲಿಶ್ ಮಾಡಿದಾಗ ಬಣ್ಣಕ್ಕೆ ನಿಜವಾಗಿ ಏನಾಗುತ್ತದೆ?

ಬಣ್ಣದ ಮೇಲೆ ಏನನ್ನೋ ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ಬೂಟಿಗೆ ಪಾಲಿಶ್ ಹಾಕುವ ಅಭ್ಯಾಸದಿಂದ ಬಂದ ಭಾವನೆ ಅದು. ಕಾರಿನ ವಿಷಯದಲ್ಲಿ ನಡೆಯುವುದು ಇದರ ತದ್ವಿರುದ್ಧ. ಕಾಂಪೌಂಡ್ ಅಥವಾ ಪಾಲಿಶ್ ಎಂದು ಕರೆಯುವ ದ್ರವದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಗಟ್ಟಿಯಾದ ಕಣಗಳಿರುತ್ತವೆ. ಯಂತ್ರಕ್ಕೆ ಅಂಟಿಸಿದ ಫೋಮ್ ಅಥವಾ ಉಣ್ಣೆಯ ಪ್ಯಾಡ್ ತಿರುಗಿದಾಗ ಆ ಕಣಗಳು ಬಣ್ಣದ ಮೇಲ್ಪದರವನ್ನು ತೆಳುವಾಗಿ ಹೆರೆದು ತೆಗೆಯುತ್ತವೆ. ಗೀರು ಕಣ್ಣಿಗೆ ಕಾಣುವುದು ಅದರ ಅಂಚುಗಳಿಗೆ ಬೆಳಕು ತಾಗಿ ಚದುರುವುದರಿಂದ. ಪಾಲಿಶ್ ಮಾಡುವುದೆಂದರೆ ಗುಂಡಿಯನ್ನು ತುಂಬುವುದಲ್ಲ, ಸುತ್ತಲಿನ ನೆಲವನ್ನೇ ಗುಂಡಿಯ ತಳದ ಮಟ್ಟಕ್ಕೆ ಇಳಿಸುವುದು. ಹೀಗೆ ಇಳಿಸಿದ್ದನ್ನು ಯಾವ ವ್ಯಾಕ್ಸೂ ಯಾವ ಕೋಟಿಂಗೂ ಮತ್ತೆ ಏರಿಸಲಾರದು. ಮುಂದೆ ಬರುವ ಬಹುತೇಕ ಉತ್ತರಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ಹಾಗಾದರೆ ತೆಗೆಯಲು ಎಷ್ಟು ಬಣ್ಣವಿದೆ?

ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ದಪ್ಪವಿದ್ದರೆ, ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಜೆರಾಕ್ಸ್ ಅಂಗಡಿಯ ಎ4 ಹಾಳೆಯೊಂದರ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ನಿಮ್ಮ ಕಾರಿನ ಇಡೀ ಬಣ್ಣ ಒಂದು ಹಾಳೆಯಷ್ಟು, ನೀವು ಯಂತ್ರ ಆಡಿಸುವ ಪದರ ಅರ್ಧ ಹಾಳೆಗಿಂತಲೂ ತೆಳು.

ಆ ಅರ್ಧ ಹಾಳೆಯೂ ಪೂರ್ತಿ ನಮ್ಮದಲ್ಲ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಕೆಲಸ ಕ್ಲಿಯರ್ ಕೋಟ್‌ನದೇ ಆದ್ದರಿಂದ ಅದು ತೀರಾ ತೆಳುವಾದರೆ ಕೆಲವು ವರ್ಷಗಳ ಬಿಸಿಲಿಗೆ ಮಂಕಾಗಿ, ಬಿಳಿಚಿ, ಸಿಪ್ಪೆಯಂತೆ ಏಳುತ್ತದೆ. ಹಳೆಯ ಕಾರುಗಳ ರೂಫ್ ಮತ್ತು ಬಾನೆಟ್ ಮೇಲೆ ಚರ್ಮ ಸುಲಿದಂತಹ ಬಿಳಿ ತೇಪೆಗಳನ್ನು ನೀವು ರಸ್ತೆಯಲ್ಲಿ ನೋಡಿರುತ್ತೀರಿ. ಆ ಹಂತ ತಲುಪಿದ ಪ್ಯಾನೆಲ್‌ಗೆ ಪಾಲಿಶ್‌ನಿಂದ ಉಪಯೋಗವಿಲ್ಲ, ಮರುಪೇಂಟ್ ಒಂದೇ ದಾರಿ. ಹಗುರವಾಗಿ ಒಮ್ಮೆ ಪಾಲಿಶ್ ಮಾಡಿದರೆ ಹೋಗುವುದು ಒಂದು ಮೈಕ್ರಾನಿನ ಆಸುಪಾಸು. ಗಡಸು ಕಾಂಪೌಂಡ್ ಮತ್ತು ಉಣ್ಣೆಯ ಪ್ಯಾಡ್ ಹಿಡಿದು ಜೋರಾಗಿ ಉಜ್ಜಿದರೆ ಅದಕ್ಕಿಂತ ಹಲವು ಪಟ್ಟು ಹೋಗಬಹುದು.

ಬಣ್ಣದ ದಪ್ಪ ಅಳೆಯುವ ಮೀಟರ್ ಕೊಳ್ಳಲೇಬೇಕೆ?

ಒಂದೇ ಕಾರಿಗಾಗಿ ಕೊಳ್ಳಬೇಕೆಂದಿಲ್ಲ, ಆದರೆ ಯಾರಿಂದಲಾದರೂ ಒಂದು ದಿನದ ಮಟ್ಟಿಗೆ ಎರವಲು ಸಿಕ್ಕರೆ ಬಿಡಬೇಡಿ. ಮೀಟರ್ ತೋರಿಸುವುದು ಒಟ್ಟು ದಪ್ಪವನ್ನೇ ಹೊರತು ಕ್ಲಿಯರ್ ಕೋಟ್‌ನ ದಪ್ಪವನ್ನಲ್ಲ. ಸಾಮಾನ್ಯ ಮೀಟರ್‌ಗಳು ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸ ಮಾಡುವುದೂ ಇಲ್ಲ. ಅದರ ನಿಜವಾದ ಪ್ರಯೋಜನ ಹೋಲಿಕೆಯಲ್ಲಿದೆ. ಮೂರು ಡೋರ್‌ಗಳು 110 ತೋರಿಸಿ ನಾಲ್ಕನೆಯದು 250 ತೋರಿಸಿದರೆ ಆ ಡೋರ್‌ಗೆ ಮರುಪೇಂಟ್ ಆಗಿದೆ ಎಂದು ತಿಳಿಯಬಹುದು. 500, 1000 ಎಂದೆಲ್ಲ ತೋರಿಸಿದರೆ ಒಳಗೆ ಪುಟ್ಟಿ ಇದೆ. ಎಲ್ಲೋ ಒಂದು ಜಾಗದಲ್ಲಿ ಮಾತ್ರ 70 ಬಂದರೆ ಅಲ್ಲಿ ಯಾರೋ ನಿಮಗಿಂತ ಮುಂಚೆ ಬಹಳ ಉಜ್ಜಿದ್ದಾರೆ, ಅಲ್ಲಿಗೆ ಯಂತ್ರ ತಾಗಿಸದಿರುವುದೇ ಕ್ಷೇಮ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಈ ಅಳತೆ ಇನ್ನೂ ಮುಖ್ಯ.

ಯಾವ ಗೀರುಗಳು ಹೋಗುತ್ತವೆ, ಯಾವುವು ಹೋಗುವುದಿಲ್ಲ?

ಬಿಸಿಲಿನಲ್ಲಿ ಅಥವಾ ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಜೇಡರ ಬಲೆಯಂತೆ ಸುತ್ತುಸುತ್ತಾಗಿ ಕಾಣುವ ನವಿರಾದ ಗೀರುಗಳು, ಅಂದರೆ ಸ್ವರ್ಲ್ ಮಾರ್ಕ್‌ಗಳು, ಬಹುಮಟ್ಟಿಗೆ ಹೋಗುತ್ತವೆ. ಉಗುರನ್ನು ಗೀರಿಗೆ ಅಡ್ಡಲಾಗಿ ಹಗುರವಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು. ಅದರ ಅಂಚನ್ನು ಮೃದುಗೊಳಿಸಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡಬಹುದೇ ವಿನಾ ಪೂರ್ತಿ ಅಳಿಸಲು ಹೋಗಬಾರದು. ಗೀರಿನ ಮೇಲೆ ನೀರು ಸವರಿ ನೋಡುವುದೂ ಒಳ್ಳೆಯ ಪರೀಕ್ಷೆ: ಒದ್ದೆಯಿದ್ದಷ್ಟು ಹೊತ್ತು ಗೀರು ಮಾಯವಾದರೆ ಅದು ಕ್ಲಿಯರ್ ಕೋಟ್‌ನೊಳಗೇ ಇರುವ ಸಾಧ್ಯತೆ ಹೆಚ್ಚು. ಒಳಗೆ ಬೇರೆ ಬಣ್ಣದ ಪ್ರೈಮರ್ ಅಥವಾ ತಗಡೇ ಕಾಣುತ್ತಿದ್ದರೆ ಅದು ಟಚಪ್ ಪೇಂಟಿನ ಕೆಲಸ, ಯಂತ್ರದ್ದಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನು ಒತ್ತಿ ಹೇಳುತ್ತೇನೆ. ದಿನನಿತ್ಯ ಓಡಾಡುವ ಕಾರಿಗೆ ಶೇಕಡ 100ರಷ್ಟು ಗೀರು ಹೋಗಬೇಕೆಂಬ ಹಟ ಬೇಡ. ಹತ್ತರಲ್ಲಿ ಏಳು ಗೀರು ಹೋದರೆ ಕಾರು ಹೊಸದರಂತೆ ಹೊಳೆಯುತ್ತದೆ. ಉಳಿದ ಮೂರರ ಹಿಂದೆ ಬಿದ್ದರೆ ಅವುಗಳಿಗಾಗಿ ಮೊದಲ ಏಳಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಕ್ಲಿಯರ್ ಕೋಟ್ ಕೊಡಬೇಕಾಗುತ್ತದೆ.

ಮೊದಲ ಬಾರಿಗೆ ಯಾವ ಯಂತ್ರ ಒಳ್ಳೆಯದು?

ಡ್ಯುಯಲ್ ಆ್ಯಕ್ಷನ್, ಅಂದರೆ ಎಲ್ಲರೂ ಡಿಎ ಎಂದು ಕರೆಯುವ ಯಂತ್ರ. ಇದರಲ್ಲಿ ಪ್ಯಾಡ್ ತನ್ನ ನಡುವಿನ ಸುತ್ತ ತಿರುಗುವುದಲ್ಲದೆ ಆ ನಡುವೇ ಒಂದು ಸಣ್ಣ ವೃತ್ತದಲ್ಲಿ ಸುತ್ತುತ್ತಿರುತ್ತದೆ. ಯಾವುದೇ ಕಣ ಒಂದೇ ಗೆರೆಯಲ್ಲಿ ಉಜ್ಜುತ್ತಾ ನಿಲ್ಲುವುದಿಲ್ಲವಾದ್ದರಿಂದ ಬಿಸಿ ಒಂದೇ ಕಡೆ ಸೇರುವುದು ಕಡಿಮೆ. ಜೊತೆಗೆ, ಸಾಮಾನ್ಯ ಡಿಎಯನ್ನು ಅತಿಯಾಗಿ ಒತ್ತಿದರೆ ಅಥವಾ ಓರೆ ಮಾಡಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸಿ ಬರೀ ನಡುಗುತ್ತದೆ. ಅನುಭವಿಗಳಿಗೆ ಇದು ಕಿರಿಕಿರಿ, ಹೊಸಬರಿಗೆ ಇದೇ ರಕ್ಷೆ.

ಆ ಸಣ್ಣ ವೃತ್ತದ ಅಳತೆಯನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ: 8, 15, 21 ಇವು ಹೆಚ್ಚಾಗಿ ಸಿಗುವವು. ದೊಡ್ಡ ಎಸ್‌ಯುವಿಯ ಸಪಾಟಾದ ಬಾನೆಟ್‌ಗೆ 21 ಚೆನ್ನಾಗಿ ಒಪ್ಪುತ್ತದೆ. ಆದರೆ ನಮ್ಮ ಹ್ಯಾಚ್‌ಬ್ಯಾಕ್‌ಗಳ ಡೋರ್ ಮತ್ತು ಬಂಪರ್‌ಗಳಲ್ಲಿ ಉಬ್ಬುತಗ್ಗು ಹೆಚ್ಚಿರುವುದರಿಂದ 5 ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಕೊಳ್ಳುವ ತಟ್ಟೆ) ಇರುವ 8 ಅಥವಾ 15 ಮಿ.ಮೀ. ಯಂತ್ರ ಹಿಡಿತಕ್ಕೆ ಸುಲಭ. ರೋಟರಿ ಎಂಬ ಇನ್ನೊಂದು ಬಗೆಯ ಯಂತ್ರದಲ್ಲಿ ಪ್ಯಾಡ್ ನೇರವಾಗಿ ಒಂದೇ ಸುತ್ತು ಸುತ್ತುತ್ತದೆ, ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ವರ್ಷಗಟ್ಟಲೆ ಕೈ ಪಳಗಿದವರ ಕೈಯಲ್ಲಿ ಅದು ಅದ್ಭುತವಾದ ಸಲಕರಣೆ. ಮೊದಲ ಕಾರಿಗೆ ಬೇಡ.

ಮನೆಯಲ್ಲಿ ಗ್ರೈಂಡರ್ ಇದೆ. ಅದಕ್ಕೇ ಪ್ಯಾಡ್ ಹಾಕಿ ಮಾಡಬಹುದೇ?

ಬೇಡ. ಕಬ್ಬಿಣ ಕತ್ತರಿಸುವ 4 ಇಂಚಿನ ಆ್ಯಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ರೋಟರಿ ಪಾಲಿಶರ್‌ಗಳ ಮಿತಿ ಸುಮಾರು 3,000 ಸುತ್ತು, ಅದರಲ್ಲೂ ಹೆಚ್ಚಿನ ಕೆಲಸ ನಡೆಯುವುದು 1,000ದಿಂದ 1,500ರ ನಡುವೆ. ಗ್ರೈಂಡರಿನ ವೇಗಕ್ಕೆ ಕ್ಲಿಯರ್ ಕೋಟ್ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, ಫೋಮ್ ಪ್ಯಾಡ್ ಹರಿದು ಮುಖಕ್ಕೆ ಹಾರುತ್ತದೆ. ವೇಗ ಇಳಿಸುವ ಗುಬ್ಬಿಯಿರುವ ಗ್ರೈಂಡರ್‌ಗಳೂ ಪಾಲಿಶ್‌ಗೆ ಬೇಕಾದಷ್ಟು ಕೆಳಕ್ಕೆ ಇಳಿಯುವುದಿಲ್ಲ. ಬಜೆಟ್ ಇಲ್ಲದಿದ್ದರೆ ಕೈಯಿಂದಲೇ ಫೋಮ್ ಅಪ್ಲಿಕೇಟರ್ ಹಿಡಿದು ಹಗುರ ಪಾಲಿಶ್ ಮಾಡಿ. ಫಲಿತಾಂಶ ಕಡಿಮೆಯಾದರೂ ಬಣ್ಣ ಉಳಿದಿರುತ್ತದೆ.

ಪ್ಯಾಡ್ ಮತ್ತು ಕಾಂಪೌಂಡ್‌ಗಳಲ್ಲಿ ಇಷ್ಟೊಂದು ಬಗೆಗಳಿವೆ. ಏನು ಕೊಳ್ಳಲಿ?

ಉಣ್ಣೆ ಮತ್ತು ಮೈಕ್ರೋಫೈಬರ್ ಪ್ಯಾಡ್‌ಗಳು ಹೆಚ್ಚು ಹೆರೆಯುತ್ತವೆ, ಗಟ್ಟಿ ಫೋಮ್ ಅದಕ್ಕಿಂತ ಕಡಿಮೆ, ಮೆತ್ತನೆಯ ಫೋಮ್ ತೀರಾ ಕಡಿಮೆ. ದ್ರವಗಳಲ್ಲೂ ಹಾಗೆಯೇ: ಕಾಂಪೌಂಡ್ ಒರಟು, ಪಾಲಿಶ್ ನಯ, ಫಿನಿಶಿಂಗ್ ಪಾಲಿಶ್ ಅತಿ ನಯ. ಒಂದು ಕಂಪನಿಯ ಕಿತ್ತಳೆ ಬಣ್ಣದ ಪ್ಯಾಡ್ ಮಧ್ಯಮವಾಗಿದ್ದರೆ ಇನ್ನೊಂದು ಕಂಪನಿಯ ಕಿತ್ತಳೆ ಗಡಸಾಗಿರಬಹುದು. ಬಣ್ಣಕ್ಕೆ ಎಲ್ಲರೂ ಒಪ್ಪಿದ ಅರ್ಥವಿಲ್ಲ, ಆದ್ದರಿಂದ ಪ್ಯಾಕೆಟ್ ಮೇಲೆ ಬರೆದದ್ದನ್ನು ಓದಿ ಕೊಳ್ಳಿ. ಮೊದಲ ಬಾರಿಗೆ ಮಧ್ಯಮ ಫೋಮ್ ಪ್ಯಾಡ್ ನಾಲ್ಕು, ಮೆತ್ತನೆಯವು ಎರಡು, ಒಂದು ಮಧ್ಯಮ ಪಾಲಿಶ್, ಒಂದು ಫಿನಿಶಿಂಗ್ ಪಾಲಿಶ್ ಇದ್ದರೆ ಸಾಕು. ಒರಟು ಕಾಂಪೌಂಡ್ ಬೇಕೇ ಬೇಕೆಂದು ಪರೀಕ್ಷೆ ಮಾಡಿದ ಮೇಲೆ ಗೊತ್ತಾದರೆ ಆಗ ತಂದರಾಯಿತು.

ನಾಲ್ಕು ಪ್ಯಾಡ್ ಏಕೆಂದು ಕೇಳುತ್ತಾರೆ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಲು ಹೊರಟರೆ ಅದು ಬಿಸಿಯಾಗಿ, ಹೆರೆದ ಬಣ್ಣ ಮತ್ತು ಹಳೆಯ ಪಾಲಿಶ್ ತುಂಬಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಅದು ಗೀರು ತೆಗೆಯುವ ಬದಲು ಹೊಸ ಗೀರು ಹಾಕುತ್ತದೆ.

ಯಂತ್ರ ಹಿಡಿಯುವ ಮುನ್ನ ಕಾರನ್ನು ಹೇಗೆ ಸಿದ್ಧಪಡಿಸಬೇಕು?

ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇದೇ. ಮೊದಲು ನೀರು ಹಾಯಿಸಿ ಧೂಳಿಳಿಸಿ, ಬಳಿಕ ಕಾರ್ ಶಾಂಪೂ ಹಾಕಿ ಎರಡು ಬಕೆಟ್ ವಿಧಾನದಲ್ಲಿ ತೊಳೆಯಿರಿ: ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು, ಪ್ರತಿ ಸಲ ಕೈಗವಸನ್ನು ಬರೀ ನೀರಿನಲ್ಲಿ ಜಾಲಾಡಿಸಿಯೇ ಶಾಂಪೂಗೆ ಅದ್ದುವುದು. ಆಮೇಲೆ ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್ ಸಿಂಪಡಿಸಿದರೆ ಬ್ರೇಕ್ ಹುಡಿ ಕೂತ ಜಾಗಗಳಲ್ಲಿ ನೇರಳೆ ಬಣ್ಣದ ಗೆರೆಗಳು ಇಳಿಯುತ್ತವೆ; ಒಣಗಲು ಬಿಡದೆ ತೊಳೆಯಿರಿ.

ಈಗ ತೆಳುವಾದ ಪ್ಲಾಸ್ಟಿಕ್ ಕವರೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣುಪೆನಿಸಿದ್ದು ಕವರಿನೊಳಗಿಂದ ರವೆಯ ಮೇಲೆ ಕೈಯಾಡಿಸಿದಂತೆ ಗರಗರ ಎನ್ನುತ್ತದೆ. ಅದು ಬಣ್ಣಕ್ಕೆ ಕಚ್ಚಿಕೊಂಡ ಸಿಮೆಂಟು ಧೂಳು, ಟಾರು, ಮರದ ಅಂಟು. ಕ್ಲೇ ಬಾರ್ ಎಂಬ ಜೇಡಿಮಣ್ಣಿನಂತಹ ಮೆತ್ತನೆಯ ಉಂಡೆಯನ್ನು ಅದರ ಲೂಬ್ರಿಕೆಂಟ್ ಧಾರಾಳವಾಗಿ ಸಿಂಪಡಿಸಿಕೊಂಡು ಒತ್ತದೆ ಜಾರಿಸುತ್ತಾ ಹೋದರೆ ಈ ಕಣಗಳೆಲ್ಲ ಕಿತ್ತು ಬರುತ್ತವೆ. ಇವು ಉಳಿದರೆ ಪ್ಯಾಡ್ ಅವನ್ನೇ ಎಳೆದಾಡಿ ಹೊಸ ಗೀರು ಕೊರೆಯುತ್ತದೆ. ಕ್ಲೇ ನೆಲಕ್ಕೆ ಬಿದ್ದರೆ, ಎಷ್ಟೇ ಬೆಲೆಯದಾಗಿರಲಿ, ಎತ್ತಿ ಕಸದ ಬುಟ್ಟಿಗೆ ಹಾಕಿ.

ಕಾರು ಪೂರ್ತಿ ಒಣಗಿದ ಮೇಲೆ ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್, ಲಾಂಛನ, ವಾಷರ್ ನಾಜಲ್ ಇವೆಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ.

ಯಾವ ಜಾಗ, ಯಾವ ಹೊತ್ತು?

ಬಿಸಿಲು ಬೀಳದ, ಗಾಳಿಗೆ ಮಣ್ಣು ಹಾರದ ಜಾಗ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಈಗಷ್ಟೇ ಓಡಿಸಿ ತಂದ ಕಾರಿನ ಬಾನೆಟ್ ಎಂಜಿನ್ ಶಾಖಕ್ಕೆ ಬೆಚ್ಚಗಿರುತ್ತದೆ, ಅದು ಆರುವವರೆಗೆ ಕಾಯಿರಿ. ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲೂ ಪಾಲಿಶ್ ಬೇಗ ಒಣಗುವುದರಿಂದ ಬೆಳಗ್ಗೆ ಬೇಗ ಶುರುಮಾಡಿ ಹತ್ತು ಗಂಟೆಯೊಳಗೆ ನಿಲ್ಲಿಸುವುದು ಒಳ್ಳೆಯದು. ಮಾವಿನ ಮರದಡಿ, ಹೊಂಗೆಯ ಮರದಡಿ ಕೆಲಸ ಬೇಡ.

ವಿದ್ಯುತ್ತಿನ ವಿಷಯದಲ್ಲಿ ಉದಾಸೀನ ಸಲ್ಲದು. ಕಾರು ತೊಳೆದ ನೆಲ ಒದ್ದೆಯಿರುತ್ತದೆ, ಎಕ್ಸ್‌ಟೆನ್ಷನ್ ಬಾಕ್ಸ್ ಅಲ್ಲೇ ಬಿದ್ದಿರುತ್ತದೆ. ನೆಲ ಒಣಗಲಿ, ಬಾಕ್ಸ್ ಸ್ಟೂಲಿನ ಮೇಲಿರಲಿ, ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ಗೇ ಇರಲಿ, ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಕೆಲಸ ಮಾಡುತ್ತಿದೆಯೇ ಎಂದು ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಹಾಕಿಕೊಳ್ಳಿ. ಕನ್ನಡಕ ಮತ್ತು ಮಾಸ್ಕ್ ಧರಿಸಿ. ದುಪಟ್ಟಾ, ಸೆರಗು, ಉದ್ದನೆಯ ಸರ, ಬಿಚ್ಚಿದ ಕೂದಲು ಯಾವುದೂ ತಿರುಗುವ ಪ್ಯಾಡಿನ ಹತ್ತಿರ ಬರಬಾರದು. ಉಂಗುರ, ಗಡಿಯಾರ, ಬೆಲ್ಟಿನ ಬಕಲ್ ಬಣ್ಣಕ್ಕೆ ತಾಗಿ ಗೀರಾಗುತ್ತದೆ, ಅವನ್ನೂ ತೆಗೆದಿಡಿ.

ಪರೀಕ್ಷಾ ಚೌಕ ಎಂದರೇನು? ಅದನ್ನು ಬಿಟ್ಟು ನೇರ ಕೆಲಸ ಶುರುಮಾಡಬಾರದೇ?

ಶುರುಮಾಡಬಾರದು. ಎರಡು ಕಾರುಗಳ ಬಣ್ಣ ಒಂದೇ ತೆರನಾಗಿ ಹೆರೆಯುವುದಿಲ್ಲ. ಕೆಲವು ಕಾರುಗಳ ಕ್ಲಿಯರ್ ಕೋಟ್ ಮೃದು, ಮೆತ್ತನೆಯ ಪ್ಯಾಡಿಗೇ ಗೀರು ಮಾಯವಾಗುತ್ತದೆ. ಕೆಲವದು ಗಡಸು, ಮೂರು ಸಲ ಉಜ್ಜಿದರೂ ಜಗ್ಗುವುದಿಲ್ಲ. ಕಂಪನಿಯ ಹೆಸರು ನೋಡಿ ಇದನ್ನು ಊಹಿಸುವುದಕ್ಕಿಂತ ಕಾರನ್ನೇ ಕೇಳುವುದು ಸರಿ.

ಬಾನೆಟ್ಟಿನ ಮೇಲೆ ಅಥವಾ ಡಿಕ್ಕಿಯ ಮೇಲೆ ಸಪಾಟಾದ ಕಡೆ ಒಂದೂವರೆ ಅಡಿ ಚೌಕವನ್ನು ಟೇಪಿನಿಂದ ಗುರುತು ಮಾಡಿ. ನಿಮ್ಮ ಬಳಿ ಇರುವುದರಲ್ಲಿ ಅತಿ ಮೃದುವಾದ ಜೋಡಿಯಿಂದ, ಅಂದರೆ ಮೆತ್ತನೆಯ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್‌ನಿಂದ ಶುರುಮಾಡಿ. ಒರೆಸಿ, ಟಾರ್ಚ್ ಬೆಳಕಿನಲ್ಲಿ ನೋಡಿ. ಸಾಕೆನಿಸಿದರೆ ಇಡೀ ಕಾರಿಗೆ ಅದೇ ಸಾಕು, ಮುಂದೆ ಯೋಚಿಸಬೇಡಿ. ಸಾಲದಿದ್ದರೆ ಅದೇ ಪಾಲಿಶ್ ಇಟ್ಟುಕೊಂಡು ಪ್ಯಾಡನ್ನು ಮಧ್ಯಮಕ್ಕೆ ಬದಲಿಸಿ. ಅದೂ ಸಾಲದಿದ್ದರೆ ಆಗ ಪಾಲಿಶನ್ನೂ ಮಧ್ಯಮಕ್ಕೆ ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ. ಒರಟಿನಿಂದ ಶುರುಮಾಡಿದವರಿಗೆ ಕಡಿಮೆಯಲ್ಲೇ ಆಗುತ್ತಿತ್ತೇ ಎಂಬುದು ಎಂದೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಬಣ್ಣ ಹೋಗಿರುತ್ತದೆ.

ಕೈ ಪಳಗಿಸಲು ಸ್ವಂತ ಕಾರೇ ಆಗಬೇಕೆಂದೇನಿಲ್ಲ. ಗುಜರಿಯಲ್ಲಿ ಹಳೆಯ ಬಾನೆಟ್ಟೋ ಡೋರೋ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಮೇಲೆ ಒಂದು ಭಾನುವಾರ ಕಳೆಯುವುದು ಎಷ್ಟೋ ವಿಡಿಯೋ ನೋಡುವುದಕ್ಕಿಂತ ಮೇಲು. ಬೇಕೆಂದೇ ಒಂದು ಮೂಲೆಯನ್ನು ಸುಟ್ಟು ನೋಡಿ, ಎಷ್ಟು ಬೇಗ ಆಗುತ್ತದೆಂಬುದು ಕೈಗೆ ನೆನಪಿರುತ್ತದೆ.

ಯಂತ್ರವನ್ನು ಹೇಗೆ ಆಡಿಸಬೇಕು?

ಹೊಸ ಪ್ಯಾಡಿನ ಮುಖಕ್ಕೆ ಮೊದಲು ಪಾಲಿಶನ್ನು ಬೆರಳಿನಿಂದ ತೆಳುವಾಗಿ ಎಲ್ಲ ಕಡೆ ಹಚ್ಚಿಕೊಳ್ಳಿ. ಆಮೇಲಿನ ಪ್ರತಿ ಚೌಕಕ್ಕೆ ಬಟಾಣಿ ಕಾಳಿನಷ್ಟು ದೊಡ್ಡ ನಾಲ್ಕು ಹನಿ ಸಾಕು. ಯಂತ್ರ ನಿಂತಿರುವಾಗಲೇ ಪ್ಯಾಡನ್ನು ಬಣ್ಣದ ಮೇಲಿಟ್ಟು ನಾಲ್ಕು ಕಡೆ ಒತ್ತಿ, ಅನಂತರ ಗುಂಡಿ ಹಾಕಿ. ಗಾಳಿಯಲ್ಲಿ ಚಾಲೂ ಮಾಡಿದರೆ ಗೋಡೆ, ಗಾಜು, ಅಂಗಿ ಎಲ್ಲಕ್ಕೂ ಪಾಲಿಶ್ ಸಿಡಿಯುತ್ತದೆ. ಮೊದಲು ಕಡಿಮೆ ವೇಗದಲ್ಲಿ ಹರಡಿ, ಬಳಿಕ 6 ಹಂತಗಳಿರುವ ಯಂತ್ರವಾದರೆ 4 ಅಥವಾ 5ಕ್ಕೆ ಏರಿಸಿ.

ಎಡದಿಂದ ಬಲಕ್ಕೆ ಸಾಲು ಹಿಡಿದು ಹೋಗಿ, ಪ್ರತಿ ಸಾಲೂ ಹಿಂದಿನದರ ಅರ್ಧವನ್ನು ಮುಚ್ಚುವಂತಿರಲಿ. ಚೌಕ ಮುಗಿದ ಮೇಲೆ ಮೇಲಿಂದ ಕೆಳಕ್ಕೆ ಅದೇ ರೀತಿ. ಹೀಗೆ ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಸಲ ಆದರೆ ಸಾಮಾನ್ಯವಾಗಿ ಸಾಕು, ಹೆಚ್ಚೆಂದರೆ ಆರು. ಕೈಯ ವೇಗ ಸೆಕೆಂಡಿಗೆ ಒಂದು ಇಂಚು. ಹೊಸಬರೆಲ್ಲ ಮಾಡುವ ತಪ್ಪು ಇಲ್ಲೇ: ನೆಲ ಒರೆಸುವಂತೆ ಸರಸರನೆ ಓಡಿಸುತ್ತಾರೆ, ಗೀರು ಹೋಗಲಿಲ್ಲವೆಂದು ಇನ್ನೂ ಗಡಸು ಕಾಂಪೌಂಡ್ ತರುತ್ತಾರೆ. ಬೇಕಾದದ್ದು ನಿಧಾನ, ಒರಟುತನವಲ್ಲ.

ಒತ್ತಡ ಎಷ್ಟೆಂದರೆ, ಯಂತ್ರದ ತೂಕದ ಮೇಲೆ ಕೈಯ ಭಾರ ಸ್ವಲ್ಪ. ಬ್ಯಾಕಿಂಗ್ ಪ್ಲೇಟಿನ ಅಂಚಿನಲ್ಲಿ ಕಪ್ಪು ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಯಂತ್ರ ಓಡುವಾಗ ಆ ಗೆರೆ ಸುತ್ತುತ್ತಿರುವುದು ಕಂಡರೆ ಪ್ಯಾಡ್ ಕೆಲಸ ಮಾಡುತ್ತಿದೆ; ಗೆರೆ ನಿಂತಲ್ಲೇ ನಡುಗುತ್ತಿದ್ದರೆ ನೀವು ಹೆಚ್ಚು ಒತ್ತುತ್ತಿದ್ದೀರಿ, ಇಲ್ಲವೇ ಪ್ಯಾಡ್ ಓರೆಯಾಗಿದೆ. ಪಾಲಿಶ್ ಮೊದಲು ಹಾಲಿನಂತೆ ಬೆಳ್ಳಗಿದ್ದು ಕೆಲಸ ಸಾಗಿದಂತೆ ಎಣ್ಣೆ ಸವರಿದಷ್ಟು ತೆಳುವಾಗಿ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಒಣಗಿ ಹುಡಿ ಹಾರತೊಡಗಿದ ಮೇಲೂ ಉಜ್ಜಿದರೆ ಬಣ್ಣಕ್ಕೂ ಪ್ಯಾಡಿಗೂ ನಡುವೆ ಜಾರಿಕೆಯೇ ಇರುವುದಿಲ್ಲ.

ಗೀರು ನಿಜವಾಗಿ ಹೋಗಿದೆಯೇ ಎಂದು ತಿಳಿಯುವುದು ಹೇಗೆ?

ಪಾಲಿಶ್‌ನಲ್ಲಿರುವ ಎಣ್ಣೆ ಗೀರುಗಳಲ್ಲಿ ತುಂಬಿಕೊಂಡು ಅವು ಮಾಯವಾದಂತೆ ತೋರಿಸುತ್ತದೆ. ಎರಡು ಸಲ ತೊಳೆದ ಮೇಲೆ ಎಲ್ಲವೂ ಹಿಂದಿರುಗುತ್ತವೆ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಶೇಕಡ 15ರಿಂದ 20ರಷ್ಟಿರುವಂತೆ ಬೆರೆಸಿ ಸಿಂಪಡಿಸಿ, ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಆಮೇಲೆ ಎಲ್‌ಇಡಿ ಟಾರ್ಚನ್ನು ಬೇರೆ ಬೇರೆ ಕೋನಗಳಲ್ಲಿ ಹಿಡಿದು ನೋಡಿ. ಆಲ್ಕೋಹಾಲಿನ ಹತ್ತಿರ ಬೆಂಕಿ ಬೇಡ. ಒರೆಸುವ ಬಟ್ಟೆಯ ಲೇಬಲನ್ನು ಮೊದಲೇ ಕತ್ತರಿಸಿ ತೆಗೆಯಿರಿ, ಅದರ ಗಟ್ಟಿ ಅಂಚೇ ಮೃದು ಬಣ್ಣಕ್ಕೆ ಗೀರು ಹಾಕಬಲ್ಲದು.

ಗೀರು ಹೋಯಿತು, ಆದರೆ ಬಣ್ಣ ಮಬ್ಬಾಗಿದೆ. ಹಾಳು ಮಾಡಿದೆನೇ?

ಇಲ್ಲ. ಗಡಸು ಪ್ಯಾಡ್ ಮತ್ತು ಕಾಂಪೌಂಡ್ ತಾವೇ ಬಿಟ್ಟುಹೋದ ಅತಿ ಸೂಕ್ಷ್ಮ ಗೀರುಗಳ ಮಬ್ಬು ಅದು. ಕಪ್ಪು, ಗಾಢ ನೀಲಿ ಕಾರುಗಳಲ್ಲಿ ಎದ್ದು ಕಾಣುತ್ತದೆ. ಮೆತ್ತನೆಯ ಪ್ಯಾಡಿನಲ್ಲಿ ಫಿನಿಶಿಂಗ್ ಪಾಲಿಶ್ ಹಾಕಿ, ಒತ್ತಡ ಕಡಿಮೆ ಮಾಡಿ ಇನ್ನೊಮ್ಮೆ ಮಾಡಿದರೆ ತಿಳಿಯಾಗುತ್ತದೆ. ವರ್ಕ್‌ಶಾಪಿನಿಂದ ಬಂದ ಕಾರಿನ ಮೇಲೆ ಬಿಸಿಲಿನಲ್ಲಿ ಕಾಣುವ, ನೀವು ನಡೆದಂತೆ ಜೊತೆಗೇ ಓಡುವ ನೆರಳಿನಂತಹ ಪಟ್ಟೆಗಳು ರೋಟರಿಯ ಗುರುತು. ಅವೂ ಡಿಎಯ ಹಗುರ ಪಾಲಿಶ್‌ಗೆ ಹೋಗುತ್ತವೆ.

ಅಂಚುಗಳ ಬಗ್ಗೆ ಇಷ್ಟು ಎಚ್ಚರಿಕೆ ಏಕೆ?

ಬಣ್ಣ ಸಿಂಪಡಿಸಿದಾಗ ದ್ರವವು ಚೂಪಾದ ಏಣಿನಿಂದ ಎರಡೂ ಬದಿಗೆ ಸರಿದುಕೊಳ್ಳುವುದರಿಂದ ಅಂಚಿನಲ್ಲಿ ಪದರ ತೆಳುವಾಗುತ್ತದೆ. ಪಾಲಿಶ್ ಮಾಡುವಾಗ ಸಪಾಟು ಜಾಗದಲ್ಲಿ ಇಡೀ ಪ್ಯಾಡಿಗೆ ಹಂಚಿಹೋಗುವ ಒತ್ತಡ ಅಂಚಿನಲ್ಲಿ ಒಂದೇ ಗೆರೆಯ ಮೇಲೆ ಬೀಳುತ್ತದೆ. ಬಣ್ಣ ಕಡಿಮೆ ಇರುವಲ್ಲೇ ಹೆರೆತ ಹೆಚ್ಚು.

ಮನೆಯ ಹಳೆಯ ಕೆಂಪು ಕಾರಿನ ಹಿಂದಿನ ಡೋರಿನ ಏಣನ್ನು ನಾನೇ ಹೀಗೆ ಸುಟ್ಟಿದ್ದೇನೆ. ಎರವಲು ತಂದ ರೋಟರಿ, ಸಂಜೆಯ ಹೊತ್ತು, ಕೊನೆಯ ಡೋರ್. ಬೇಗ ಮುಗಿಸುವ ಆತುರದಲ್ಲಿ ಹಿಡಿಯ ಪಕ್ಕದ ಏಣಿನ ಮೇಲೆ ಪ್ಯಾಡ್ ಒಂದು ಕ್ಷಣ ನಿಂತಿತು. ಮೊದಲು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಯಂತ್ರ ಎತ್ತಿದಾಗ ಬಿಳಿ ಪ್ಯಾಡಿನ ಮೇಲೆ ಕುಂಕುಮದಂತಹ ಕೆಂಪು, ಏಣಿನ ಮೇಲೆ ಕಿರುಬೆರಳಿನ ಉದ್ದದ ಬೂದು ಬಣ್ಣದ ಪ್ರೈಮರ್. ಉಳಿದ ಡೋರಿಗೆ ಏನೂ ಆಗಿರಲಿಲ್ಲ, ಆದರೂ ಇಡೀ ಡೋರಿಗೆ ಮರುಪೇಂಟ್ ಮಾಡಿಸಬೇಕಾಯಿತು.

ಅಂದಿನಿಂದ ಪ್ರತಿ ಏಣಿಗೂ, ಬಾನೆಟ್ಟಿನ ಅಂಚಿಗೂ, ಡೋರಿನ ಕೊನೆಗೂ ಟೇಪ್ ಹಚ್ಚಿಯೇ ಯಂತ್ರ ಹಿಡಿಯುತ್ತೇನೆ. ಟೇಪ್ ತೆಗೆದ ಮೇಲೆ ಆ ಸಣ್ಣ ಪಟ್ಟಿಯನ್ನು ಕೈಯಲ್ಲೇ ಒಂದೆರಡು ಸಲ ಸವರಿ ಮುಗಿಸುತ್ತೇನೆ. ಆಗಾಗ ಅಂಗೈಯನ್ನು ಪ್ಯಾನೆಲ್ ಮೇಲಿಟ್ಟು ನೋಡಿ: ಬೆಚ್ಚಗಿದ್ದರೆ ಸರಿ, ಕೈ ಹಿಂದೆಗೆಯುವಷ್ಟು ಬಿಸಿಯಾದರೆ ಬೇರೆ ಕಡೆಗೆ ಹೋಗಿ ಅದನ್ನು ಆರಲು ಬಿಡಿ. ಪ್ಲಾಸ್ಟಿಕ್ ಬಂಪರ್ ತಗಡಿನಂತೆ ಶಾಖವನ್ನು ಹರಡುವುದಿಲ್ಲ, ಅಲ್ಲಿ ವೇಗವೂ ಒತ್ತಡವೂ ಇನ್ನಷ್ಟು ಕಡಿಮೆಯಿರಲಿ. ದಣಿವಾದಾಗ ನಿಲ್ಲಿಸಿ. ಹ್ಯಾಚ್‌ಬ್ಯಾಕ್ ಕೂಡ ಮೊದಲ ಬಾರಿಗೆ ಇಡೀ ದಿನ ಹಿಡಿಯುತ್ತದೆ, ಎರಡು ದಿನಕ್ಕೆ ಹಂಚಿಕೊಂಡರೆ ಯಾರೂ ಕೇಳುವುದಿಲ್ಲ.

ಪ್ಯಾಡಿಗೆ ಕಾರಿನ ಬಣ್ಣವೇ ಅಂಟುತ್ತಿದೆ. ಏನರ್ಥ?

ಎರಡು ಅರ್ಥಗಳಿರಬಹುದು. ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಂತಹ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದೆ ಬಣ್ಣದ ಪದರವೇ ಮೇಲಿರುತ್ತಿತ್ತು. ಅಂಥವುಗಳನ್ನು ಪಾಲಿಶ್ ಮಾಡಿದಾಗ ಪ್ಯಾಡಿಗೆ ಬಣ್ಣ ಬರುವುದು ಸಹಜ. ಅಗ್ಗವಾಗಿ ಮರುಪೇಂಟ್ ಮಾಡಿದ ಪ್ಯಾನೆಲ್‌ಗಳಲ್ಲೂ ಹೀಗಾಗಬಹುದು. ಆದರೆ ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ, ಅದರಲ್ಲೂ ಮೆಟಾಲಿಕ್ ಬಣ್ಣದಲ್ಲಿ, ಪ್ಯಾಡಿಗೆ ಬಣ್ಣ ಬಂದರೆ ಕ್ಲಿಯರ್ ಕೋಟ್ ತೂತಾಗಿದೆ ಎಂದರ್ಥ. ಆ ಕ್ಷಣವೇ ನಿಲ್ಲಿಸಿ.

ಬೋರ್‌ವೆಲ್ ನೀರಿನ ಬಿಳಿ ಕಲೆ, ಹಕ್ಕಿಯ ಹಿಕ್ಕೆಯ ಗುರುತು ಪಾಲಿಶ್‌ಗೆ ಹೋಗುತ್ತವೆಯೇ?

ಗಡಸು ನೀರು ಒಣಗಿದಾಗ ಉಳಿಯುವ ಸುಣ್ಣದ ಉಂಗುರಗಳು ಹೊಸದಾಗಿದ್ದರೆ ನೀರು ಬೆರೆಸಿದ ಬಿಳಿ ವಿನೆಗರನ್ನು ಬಟ್ಟೆಗೆ ಹಾಕಿ ಒಂದೆರಡು ನಿಮಿಷ ಇಟ್ಟು ತೊಳೆದರೆ ಕರಗುತ್ತವೆ, ಯಂತ್ರ ಬೇಡ. ಬಿಸಿಲಿಗೆ ಕುದ್ದು ಬಣ್ಣವನ್ನೇ ಕೊರೆದಿದ್ದರೆ ಹಗುರ ಪಾಲಿಶ್ ಬೇಕಾಗುತ್ತದೆ. ಹಿಕ್ಕೆ ಬಿದ್ದ ದಿನವೇ ನೀರಿನಲ್ಲಿ ನೆನೆಸಿ ಎತ್ತಿದರೆ ಗುರುತೇ ಉಳಿಯುವುದಿಲ್ಲ. ವಾರಗಟ್ಟಲೆ ಬಿಟ್ಟದ್ದು ಕ್ಲಿಯರ್ ಕೋಟನ್ನು ಸುಕ್ಕುಗಟ್ಟಿಸಿದ್ದರೆ ಪೂರ್ತಿ ಹೋಗುವ ಭರವಸೆ ಕೊಡಲಾರೆ.

ಮ್ಯಾಟ್ ಬಣ್ಣದ ಕಾರಿಗೆ, ಪಿಪಿಎಫ್ ಹಾಕಿಸಿದ ಕಾರಿಗೆ ಮಾಡಬಹುದೇ?

ಮ್ಯಾಟ್ ಬಣ್ಣಕ್ಕೆ ಎಂದಿಗೂ ಬೇಡ. ಉಜ್ಜಿದ ಜಾಗ ಹೊಳೆಯತೊಡಗುತ್ತದೆ, ಆ ತೇಪೆಯನ್ನು ಸರಿಪಡಿಸಲಾಗದು. ಪಿಪಿಎಫ್ ಎಂದರೆ ಬಣ್ಣದ ರಕ್ಷಣೆಗೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಆದ್ದರಿಂದ ಅದರ ಮೇಲೂ ಕಾಂಪೌಂಡ್ ಬೇಡ.

ಪ್ಯಾಡ್ ಶುಚಿ ಮಾಡುವುದು ಹೇಗೆ?

ಪ್ರತಿ ಚೌಕ ಮುಗಿದಾಗಲೂ ಯಂತ್ರವನ್ನು ಕಡಿಮೆ ವೇಗದಲ್ಲಿ ಓಡಿಸುತ್ತಾ ನೈಲಾನ್ ಬ್ರಷ್ ತಾಗಿಸಿ ಹುಡಿ ಉದುರಿಸಿ. ಕೆಲಸ ಮುಗಿದ ದಿನವೇ ಸೌಮ್ಯ ಸಾಬೂನು ನೀರಿನಲ್ಲಿ ಹಿಸುಕಿ ತೊಳೆದು, ಹಿಂಡಿ ತಿರುಚದೆ, ಫೋಮ್ ಮುಖ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ. ಮರುದಿನಕ್ಕೆ ಬಿಟ್ಟರೆ ಪಾಲಿಶ್ ಒಳಗೇ ಕಲ್ಲಾಗುತ್ತದೆ.

ಪಾಲಿಶ್ ಆದ ಮೇಲೆ ವ್ಯಾಕ್ಸ್, ಸೀಲಂಟ್, ಸೆರಾಮಿಕ್ ಕೋಟಿಂಗ್‌ಗಳಲ್ಲಿ ಯಾವುದು?

ಮೂರೂ ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಪದರಗಳೇ, ಯಾವುದಾದರೂ ಒಂದು ಬೇಕೇ ಬೇಕು. ವ್ಯಾಕ್ಸ್ ಕೆಲವು ವಾರ, ಸೀಲಂಟ್ ಕೆಲವು ತಿಂಗಳು, ಸರಿಯಾಗಿ ಹಾಕಿದ ಸೆರಾಮಿಕ್ ಕೋಟಿಂಗ್ ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಮೊದಲ ಬಾರಿಗೆ ಮಾಡುವವರಿಗೆ ಸೀಲಂಟ್ ಸಾಕೆಂಬುದು ನನ್ನ ಸಲಹೆ, ತಪ್ಪಾದರೂ ಸುಲಭವಾಗಿ ತೆಗೆಯಬಹುದು. ಕೋಟಿಂಗ್ ತಪ್ಪಾಗಿ ಗಟ್ಟಿಯಾದರೆ ಅದನ್ನು ತೆಗೆಯಲು ಮತ್ತೆ ಯಂತ್ರವೇ ಹಿಡಿಯಬೇಕು. ಡಬ್ಬಿಯ ಮೇಲೆ 9ಎಚ್ ಎಂದು ಬರೆದಿರುವುದು ಪೆನ್ಸಿಲ್ ಗಡಸುತನದ ಅಳತೆ. ಅದನ್ನು ನೋಡಿ ಇನ್ನು ಗೀರೇ ಬೀಳುವುದಿಲ್ಲವೆಂದು ನಂಬಬೇಡಿ. ಹೊಸದಾಗಿ ಮರುಪೇಂಟ್ ಆದ ಪ್ಯಾನೆಲ್‌ಗೆ ಯಾವುದನ್ನೂ ಹಚ್ಚುವ ಮುನ್ನ ಎಷ್ಟು ದಿನ ಕಾಯಬೇಕೆಂದು ಪೇಂಟರನ್ನು ಕೇಳಿ.

ಎರಡೇ ತಿಂಗಳಲ್ಲಿ ಗೀರುಗಳು ಮತ್ತೆ ಬಂದಿವೆ. ಎಲ್ಲಿ ತಪ್ಪಾಯಿತು?

ಬಹುಪಾಲು ತಪ್ಪು ಪಾಲಿಶ್‌ನಲ್ಲಿಲ್ಲ, ಪ್ರತಿ ಬೆಳಗಿನ ಒರೆಸುವಿಕೆಯಲ್ಲಿದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಕಾರು ಒರೆಸುವವರು ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಹತ್ತಾರು ಕಾರು ಮುಗಿಸಬೇಕಾಗುತ್ತದೆ. ನಾಲ್ಕನೆಯ ಕಾರಿಗೆ ಬರುವಷ್ಟರಲ್ಲಿ ಆ ಬಟ್ಟೆ ಉಪ್ಪುಕಾಗದವಾಗಿರುತ್ತದೆ. ಇದಕ್ಕೆ ಅವರನ್ನು ಗದರಿಸಿ ಫಲವಿಲ್ಲ, ಅವರಿಗೆ ಸಿಗುವ ಸಮಯವೂ ನೀರೂ ಅಷ್ಟೇ. ನಾನು ನಮ್ಮ ಕಾರು ತೊಳೆಯುವವರಿಗೆ ಹೇಳಿದ್ದು ಇಷ್ಟು: "ಅಣ್ಣಾ, ದಿನಾ ಗಾಜು ಮಾತ್ರ ಒರೆಸಿ ಸಾಕು, ಬಾಡಿ ಮುಟ್ಟಬೇಡಿ, ದುಡ್ಡು ಅಷ್ಟೇ ಕೊಡ್ತೀನಿ." ವಾರಕ್ಕೊಮ್ಮೆ ನಾನೇ ಎರಡು ಬಕೆಟ್ ಇಟ್ಟುಕೊಂಡು ತೊಳೆಯುತ್ತೇನೆ. ನಡುವಿನ ದಿನಗಳಲ್ಲಿ ಕಾರಿನ ಮೇಲೆ ಧೂಳು ಕೂತಿರುತ್ತದೆ. ಕೂತ ಧೂಳು ಗೀರು ಹಾಕುವುದಿಲ್ಲ, ಒಣ ಬಟ್ಟೆಯಿಂದ ಎಳೆದ ಧೂಳು ಹಾಕುತ್ತದೆ.

ಎಷ್ಟು ವರ್ಷಕ್ಕೊಮ್ಮೆ ಪಾಲಿಶ್ ಮಾಡಬೇಕು?

ಕ್ಯಾಲೆಂಡರ್ ನೋಡಿ ಮಾಡುವ ಕೆಲಸವಲ್ಲ ಇದು. ಪ್ರತಿ ಸರ್ವಿಸ್‌ಗೂ ರಬ್ಬಿಂಗ್, ಪಾಲಿಶಿಂಗ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ತೊಳೆಯುವ ಕ್ರಮ ಸರಿಯಿದ್ದರೆ ಮೂರು ನಾಲ್ಕು ವರ್ಷಕ್ಕೊಮ್ಮೆ, ಅದೂ ಅತಿ ಹಗುರವಾಗಿ ಮಾಡಿದರೆ ಸಾಕಾಗುತ್ತದೆ. ಎಂದು, ಯಾವ ಪ್ಯಾನೆಲ್‌ಗೆ, ಯಾವ ಪ್ಯಾಡ್ ಮತ್ತು ಪಾಲಿಶ್‌ನಿಂದ ಮಾಡಿದಿರಿ ಎಂಬುದನ್ನು ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ; ಮುಂದೆ ಕಾರು ಕೊಳ್ಳುವವರಿಗೂ ಅದು ಉಪಕಾರ.

ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಪಾಲಿಶ್ ಒಣಗಿ ಕೂತಿದೆ. ಹೋಗುವುದಿಲ್ಲವೇ?

ಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸಾಬೂನು ನೀರಿನಲ್ಲಿ ಅದ್ದಿ ಉಜ್ಜಿ, ಅದಕ್ಕೂ ಬಗ್ಗದಿದ್ದರೆ ಮಕ್ಕಳ ಪೆನ್ಸಿಲ್ ಬಾಕ್ಸಿನಲ್ಲಿರುವ ರಬ್ಬರಿನಿಂದ ಒಣಗಿದ ಪ್ಲಾಸ್ಟಿಕ್ಕನ್ನು ಉಜ್ಜಿ ನೋಡಿ. ಆದರೆ ಬಣ್ಣದ ಭಾಗಕ್ಕೆ ಆ ರಬ್ಬರ್ ತಾಗದಿರಲಿ.